ಆರ್‌ವಿ ಬದುಕಿನ ವರ್ಷದ ಲೆಕ್ಕ: ಒಂದು ರಾತ್ರಿಗೆ ಒಂದು ಸಾಲು

ಪ್ರಶ್ನೆ: ಡಲ್ಲಾಸ್ ಹತ್ತಿರ ಇದ್ದ ಮನೆ ಮಾರಿ ಹೋದ ವರ್ಷದಿಂದ ನಾವಿಬ್ಬರೂ ಪೂರ್ತಿಯಾಗಿ ಆರ್‌ವಿಯಲ್ಲೇ, ಅಂದರೆ ಅಡಿಗೆ, ಹಾಸಿಗೆ ಎಲ್ಲ ಒಳಗೇ ಇರುವ ಗಾಡಿಮನೆಯಲ್ಲೇ ಇದ್ದೇವೆ. ಕ್ಲಾಸ್ ಸಿ ಗಾಡಿ (ವ್ಯಾನಿನ ಚಾಸಿ ಮೇಲೆ ಕಟ್ಟಿದ ಮಧ್ಯಮ ಗಾತ್ರದ್ದು), ಹಿಂದೆ ಒಂದು ಚಿಕ್ಕ ಕಾರು. ನಮ್ಮ ಯಜಮಾನರಿಗೆ 63, ನನಗೆ 60, ಇಬ್ಬರೂ ಅಮೆರಿಕದ ಸಿಟಿಜನ್ಸ್. ರಸೀದಿಗಳನ್ನೆಲ್ಲ ತಪ್ಪದೆ ಒಂದು ಆ್ಯಪ್‌ಗೆ ಹಾಕಿದ್ದೇನೆ. ಗ್ಯಾಸ್‌ಗೆ (ಪೆಟ್ರೋಲ್‌ಗೆ) ಇಷ್ಟು, ಕ್ಯಾಂಪ್‌ಗ್ರೌಂಡ್‌ಗೆ ಇಷ್ಟು, ದಿನಸಿಗೆ ಇಷ್ಟು ಅಂತ ಅದು ತೋರಿಸುತ್ತದೆ. ಆದರೆ ಮುಂದಿನ ವರ್ಷ ಏನು ಬದಲಾಯಿಸಬೇಕು ಅಂತ ಅದರಿಂದ ತಿಳಿಯುತ್ತಿಲ್ಲ. ಎರಡು ಮೂರು ಮೆಂಬರ್‌ಶಿಪ್ ಬೇರೆ ತೆಗೆದುಕೊಂಡಿದ್ದೇವೆ, ಅವುಗಳಿಂದ ಲಾಭವೋ ನಷ್ಟವೋ ಗೊತ್ತಿಲ್ಲ. ಚಳಿಗಾಲದಲ್ಲಿ ಎರಡು ತಿಂಗಳು ಬೆಂಗಳೂರಿಗೆ ಹೋಗುತ್ತೇವೆ. ಆ ಎರಡು ತಿಂಗಳನ್ನು ಲೆಕ್ಕದಲ್ಲಿ ಎಲ್ಲಿ ಹಾಕಬೇಕು?

ಉತ್ತರ: ರಸೀದಿ ಹಿಡಿದಿಟ್ಟಿದ್ದೀರಲ್ಲ, ಅರ್ಧ ಕೆಲಸ ಮುಗಿಯಿತು. ಎಷ್ಟೋ ಜನ ಅದನ್ನೂ ಮಾಡುವುದಿಲ್ಲ. ನಿಮ್ಮ ತೊಂದರೆ ಇರುವುದು ಬೇರೆ ಕಡೆ. ನಿಮ್ಮ ಆ್ಯಪ್ ಒಂದೇ ಕಡೆ ಇರುವ ಮನೆಗೆ ಮಾಡಿದ್ದು. ಮನೆಯಲ್ಲಿ ಬಾಡಿಗೆಯೋ ಮಾರ್ಟ್‌ಗೇಜೋ ತಿಂಗಳಿಗೊಮ್ಮೆ ಬರುತ್ತದೆ, ಅದಕ್ಕೆ ತಿಂಗಳ ಲೆಕ್ಕ ಸರಿಹೋಗುತ್ತದೆ. ಆರ್‌ವಿಯಲ್ಲಿ ಹಾಗಲ್ಲ. ಇವತ್ತು 55 ಡಾಲರ್ ಜಾಗ, ನಾಳೆ ಪುಕ್ಕಟೆ, ನಾಡಿದ್ದು ಮಗಳ ಮನೆಯ ಡ್ರೈವ್‌ವೇ. ಇಲ್ಲಿ ಲೆಕ್ಕ ಹಿಡಿಯಬೇಕಾದದ್ದು ರಾತ್ರಿಯನ್ನು.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು ಒಂದೇ: ಒಂದು ರಾತ್ರಿಗೆ ಒಂದು ಸಾಲು. ವರ್ಷಕ್ಕೆ 365 ಸಾಲು, ಅಷ್ಟೇ. ಗೂಗಲ್ ಶೀಟ್ ಆದರೂ ಸರಿ, ರೂಲು ಹಾಕಿದ ನೋಟ್‌ಬುಕ್ ಆದರೂ ಸರಿ. ತಾರೀಖು, ಊರು, ಜಾಗದ ಹೆಸರು, ಎಂಥ ಜಾಗ (ಸರ್ಕಾರಿಯೋ, ಖಾಸಗಿಯೋ, ಪುಕ್ಕಟೆಯೋ, ನೆಂಟರ ಮನೆಯೋ), ಆ ರಾತ್ರಿಗೆ ಬಿದ್ದ ದುಡ್ಡು, ಕರೆಂಟ್ ಇತ್ತೋ ಇಲ್ಲವೋ, ಗಾಡಿ ಓಡಿದ ದಿನವಾದರೆ ಓಡೋಮೀಟರ್. ಕೊನೆಯಲ್ಲಿ ಏನಾದರೂ ಬರೆಯಲು ಸ್ವಲ್ಪ ಜಾಗ. ಪುಕ್ಕಟೆ ರಾತ್ರಿಯನ್ನೂ ಬಿಡಬೇಡಿ, ಅಲ್ಲಿ ಸೊನ್ನೆ ಅಂತಲೇ ಬರೆಯಿರಿ. ದುಡ್ಡು ಕೊಟ್ಟ ರಾತ್ರಿಗಳನ್ನು ಮಾತ್ರ ಬರೆದರೆ ನಿಮ್ಮ ಸರಾಸರಿ ಸುಮ್ನೆ ಮೇಲಕ್ಕೆ ಹೋಗುತ್ತದೆ.

ಇನ್ನೊಂದು ನಿಯಮ. ದುಡ್ಡು ಕಟ್ಟಿದ ದಿನ ಬರೆಯಬೇಡಿ, ತಂಗಿದ ದಿನ ಬರೆಯಿರಿ. ರಿಕ್ರಿಯೇಷನ್ ಡಾಟ್ ಗವ್ ಅನ್ನುವ ಸರ್ಕಾರಿ ಬುಕ್ಕಿಂಗ್ ಸೈಟಿನಲ್ಲಿ ತುಂಬ ಜಾಗಗಳಿಗೆ ಆರು ತಿಂಗಳು ಮೊದಲೇ ಬುಕ್ಕಿಂಗ್ ತೆರೆಯುತ್ತದೆ. ನವೆಂಬರ್‌ನಲ್ಲಿ ಕೂತು ಮುಂದಿನ ಮೇ ತಿಂಗಳ ಜಾಗ ಹಿಡಿದರೆ ಕ್ರೆಡಿಟ್ ಕಾರ್ಡ್ ಬಿಲ್ ಬರುವುದು ಈ ವರ್ಷ, ಮಲಗುವುದು ಮುಂದಿನ ವರ್ಷ. ಕಾರ್ಡ್ ಬಿಲ್ ನೋಡಿಕೊಂಡು ಲೆಕ್ಕ ಮಾಡಿದರೆ ಎರಡು ವರ್ಷದ್ದೂ ಹಾಳಾಗುತ್ತದೆ. ಮುಂಗಡ ಕಟ್ಟಿದ್ದನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಂಡು, ಆ ರಾತ್ರಿ ಬಂದಾಗ ಇಲ್ಲಿಗೆ ತಂದು ಹಾಕಿ.

ಕ್ಯಾನ್ಸಲ್ ಮಾಡಿದ ಬುಕ್ಕಿಂಗ್‌ಗೂ ಒಂದು ಜಾಗ ಇರಲಿ. ಅದೇ ಸೈಟಿನಲ್ಲಿ ಕ್ಯಾನ್ಸಲ್ ಮಾಡಿದರೆ 10 ಡಾಲರ್ ಹಿಡಿಯುತ್ತಾರೆ, ಹೋಗುವ ದಿನವೋ ಹಿಂದಿನ ದಿನವೋ ಮಾಡಿದರೆ ಮೊದಲ ರಾತ್ರಿಯ ದುಡ್ಡೂ ಹೋಗುತ್ತದೆ. ಒಂದೊಂದು ಸಲಕ್ಕೆ ಚಿಕ್ಕದು ಅನ್ನಿಸುತ್ತದೆ. ವರ್ಷದ ಕೊನೆಗೆ ಕೂಡಿಸಿ ನೋಡಿದಾಗ, ಎಲ್ಲಿಗೆ ಹೋಗಬೇಕು ಅಂತ ನಿರ್ಧಾರವಾಗದೆ ನಾಲ್ಕು ಕಡೆ ಬುಕ್ ಮಾಡಿಡುವ ಅಭ್ಯಾಸಕ್ಕೆ ಎಷ್ಟು ತೆತ್ತಿದ್ದೀರಿ ಅಂತ ಗೊತ್ತಾಗುತ್ತದೆ.

ಈಗ ಒಂದು ಸಾಲನ್ನು ಹತ್ತಿರದಿಂದ ನೋಡೋಣ. ನಿಮಗೆ ಗೊತ್ತಿರುವ ಕಡೆಯದೇ ತೆಗೆದುಕೊಳ್ಳುತ್ತೇನೆ. ಡಲ್ಲಾಸ್ ಪಕ್ಕದ ಲೂಯಿಸ್‌ವಿಲ್ ಕೆರೆಯ ದಂಡೆಯಲ್ಲಿ ಹಿಕರಿ ಕ್ರೀಕ್ ಅಂತ ಕ್ಯಾಂಪ್‌ಗ್ರೌಂಡ್ ಇದೆ, ಆರ್ಮಿ ಕೋರ್ ಆಫ್ ಇಂಜಿನಿಯರ್ಸ್ (ಅಮೆರಿಕ ಸೇನೆಯ ಇಂಜಿನಿಯರಿಂಗ್ ವಿಭಾಗ) ಅವರದು. ಅಂಥ ಕಡೆ ರಾತ್ರಿಗೆ 30 ಡಾಲರ್ ಅಂದುಕೊಳ್ಳಿ. ನಿಮ್ಮ ಯಜಮಾನರಿಗೆ 62 ದಾಟಿದೆ, ಸಿಟಿಜನ್ ಬೇರೆ, ಹಾಗಾಗಿ ಕೇಂದ್ರ ಸರ್ಕಾರದ ಪಾರ್ಕ್, ಕ್ಯಾಂಪ್‌ಗ್ರೌಂಡ್‌ಗಳಿಗೆ ನಡೆಯುವ ಸೀನಿಯರ್ ಪಾಸ್ ಸಿಗುತ್ತದೆ. ಜೀವಮಾನಕ್ಕೆ 80 ಡಾಲರ್. 2017ರ ಆಗಸ್ಟ್‌ವರೆಗೆ ಅದು ಬರೀ 10 ಡಾಲರ್ ಇತ್ತು, ಆದರೂ ಈಗಿನ 80 ಕೂಡ ಆರ್‌ವಿಯಲ್ಲಿ ಇರುವವರಿಗೆ ಸಿಗುವ ಅತಿ ಒಳ್ಳೆಯ ವ್ಯವಹಾರ. ಇನ್ನೂ ಮಾಡಿಸಿಲ್ಲವಾದರೆ ಈ ವಾರವೇ ಮಾಡಿಸಿ. ಆ ಪಾಸ್ ಇದ್ದರೆ ಇಂಥ ಕಡೆ ಜಾಗದ ಬಾಡಿಗೆ ಅರ್ಧ, ಅಂದರೆ 15. ಆದರೆ ಬುಕ್ಕಿಂಗ್ ಶುಲ್ಕ ಅಂತ 8 ಡಾಲರ್ ಹಿಡಿಯುವ ಕಡೆ (ಎಲ್ಲ ಕಡೆ ಹಿಡಿಯುವುದಿಲ್ಲ) ಅದಕ್ಕೆ ಅರ್ಧ ಇಲ್ಲ, ಮತ್ತು ಅದು ಎಷ್ಟು ರಾತ್ರಿ ಇದ್ದರೂ ಒಂದೇ. ಆ ಶುಲ್ಕ ಇರುವ ಕಡೆ ಒಂದೇ ರಾತ್ರಿ ತಂಗಿದರೆ 23 ಡಾಲರ್ ಆಯಿತು. ಎರಡು ರಾತ್ರಿ ಇದ್ದರೆ ರಾತ್ರಿಗೆ 19. ಏಳು ರಾತ್ರಿ ಇದ್ದರೆ 16 ಡಾಲರ್ ಚಿಲ್ಲರೆ. ಅದೇ ಜಾಗ, ಅದೇ ಪಾಸ್. ನಿಮ್ಮ ಆ್ಯಪ್ ಈ ಮೂರನ್ನೂ "ಕ್ಯಾಂಪಿಂಗ್" ಅನ್ನುವ ಒಂದೇ ಡಬ್ಬಕ್ಕೆ ಹಾಕಿಬಿಡುತ್ತದೆ. ಸಾಲು ಸಾಲಾಗಿ ಬರೆದಾಗ ಮಾತ್ರ, ದಿನಾ ಜಾಗ ಬದಲಾಯಿಸುವುದಕ್ಕೆ ಏನು ಬೆಲೆ ಅಂತ ಕಣ್ಣಿಗೆ ಬೀಳುತ್ತದೆ.

ಒಂದು ಎಚ್ಚರಿಕೆ. ಸರ್ಕಾರಿ ಜಾಗದಲ್ಲೇ ಖಾಸಗಿಯವರು ನಡೆಸುವ ಕ್ಯಾಂಪ್‌ಗ್ರೌಂಡ್‌ಗಳಿವೆ, ಅಲ್ಲಿ ಈ ಅರ್ಧ ದರ ಸಿಗದೆಯೂ ಇರಬಹುದು. ರಾಜ್ಯಗಳ ಸ್ಟೇಟ್ ಪಾರ್ಕ್‌ಗಳಿಗೂ ಈ ಪಾಸಿಗೂ ಸಂಬಂಧ ಇಲ್ಲ. ಮತ್ತೆ, ಪಾಸ್ ಯಾರ ಹೆಸರಿನಲ್ಲಿದೆಯೋ ಅವರು ಜೊತೆಯಲ್ಲಿರಬೇಕು. ಯಜಮಾನರು ಒಬ್ಬರೇ ಎಲ್ಲೋ ಹೋಗಿದ್ದಾಗ ನೀವು ಆ ಪಾಸ್ ತೋರಿಸಿ ಜಾಗ ತೆಗೆದುಕೊಳ್ಳುವ ಹಾಗಿಲ್ಲ.

ರಾತ್ರಿಯ ಸಾಲು ಗಟ್ಟಿಯಾದ ಮೇಲೆ ಉಳಿದ ಖರ್ಚನ್ನು ಎರಡು ಪಾಲು ಮಾಡಿ. ಚಕ್ರ ಉರುಳಿದರೆ ಆಗುವ ಖರ್ಚು ಒಂದು, ಗಾಡಿ ನಿಂತಿದ್ದರೂ ಕ್ಯಾಲೆಂಡರ್ ತಿರುಗಿದ್ದಕ್ಕೇ ಆಗುವ ಖರ್ಚು ಇನ್ನೊಂದು. ಈ ಎರಡನ್ನು ಬೆರೆಸಿಬಿಟ್ಟರೆ ನೀವು ಕೇಳಿದ ಪ್ರಶ್ನೆಗೆ ಯಾವತ್ತೂ ಉತ್ತರ ಸಿಗುವುದಿಲ್ಲ.

ಚಕ್ರದ ಖರ್ಚಿನಲ್ಲಿ ದೊಡ್ಡದು ಗ್ಯಾಸ್. ನಿಮ್ಮಂಥ ಕ್ಲಾಸ್ ಸಿ ಗಾಡಿ, ಹಿಂದೆ ಕಾರು ಎಳೆದುಕೊಂಡು ಹೋಗುವಾಗ ಗ್ಯಾಲನ್‌ಗೆ 8ರಿಂದ 10 ಮೈಲಿ ಕೊಟ್ಟರೆ ಅದೇ ಸರಿ. 9 ಅಂತ ಇಟ್ಟುಕೊಳ್ಳೋಣ, ಗ್ಯಾಲನ್‌ಗೆ ಮೂರೂವರೆ ಡಾಲರ್. ಮೈಲಿಗೆ ಸುಮಾರು 39 ಸೆಂಟ್ ಆಯಿತು. ಈ ಒಂದು ಸಂಖ್ಯೆ ನಿಮ್ಮ ಗಾಡಿಯದು ಎಷ್ಟು ಅಂತ ಬಾಯಲ್ಲೇ ಇರಬೇಕು. ಯಾಕೆ ಅಂದರೆ, ನೀವು 45 ಡಾಲರ್ ಜಾಗದಲ್ಲಿದ್ದೀರಿ, 250 ಮೈಲಿ ಆಚೆ 25 ಡಾಲರ್‌ಗೆ ಜಾಗ ಇದೆ ಅಂತ ಯಾರೋ ಹೇಳಿದರು. ದಿನಕ್ಕೆ 20 ಉಳಿತಾಯ ಅಲ್ವಾ ಅಂತ ಹೊರಡುತ್ತೀರಿ. ಆದರೆ ಆ 250 ಮೈಲಿಗೆ ಗ್ಯಾಸ್ ಒಂದೇ 97 ಡಾಲರ್ ಆಗುತ್ತದೆ. ಅಲ್ಲಿ ಐದು ರಾತ್ರಿ ಇದ್ದರೆ ಹೋದ ಖರ್ಚು ಹುಟ್ಟುತ್ತದೆ, ಆರನೆಯ ರಾತ್ರಿಯಿಂದ ಉಳಿತಾಯ. ಮೂರು ರಾತ್ರಿಗೆ ಹೋಗಿ ಬಂದರೆ ಕೈಯಿಂದ ಹೋದದ್ದೇ ಜಾಸ್ತಿ. ಹೇಗಿದ್ದರೂ ಆ ಕಡೆಗೇ ಹೋಗಬೇಕಿತ್ತು ಅಂದರೆ ಮಾತು ಬೇರೆ. ಅಗ್ಗದ ಜಾಗ ಹುಡುಕಿಕೊಂಡು ಓಡಾಡುವವರು ವರ್ಷದ ಕೊನೆಗೆ "ಇಷ್ಟೆಲ್ಲ ಪುಕ್ಕಟೆ ಜಾಗದಲ್ಲಿದ್ದರೂ ಖರ್ಚು ಯಾಕೆ ಇಳಿಯಲಿಲ್ಲ" ಅಂತ ಕೇಳುತ್ತಾರೆ. ಉತ್ತರ ಬಹಳ ಸಲ ಓಡೋಮೀಟರ್‌ನಲ್ಲೇ ಇರುತ್ತದೆ.

ಮೈಲೇಜ್ ಅಳೆಯುವಾಗ ಕ್ಲಾಸ್ ಸಿ ಇರುವವರು ಒಂದು ವಿಷಯ ಗಮನಿಸಬೇಕು. ಇದನ್ನು ಬಿಟ್ಟುಬಿಡುವವರು ತುಂಬ ಜನ. ಇಂಥ ಗಾಡಿಯಲ್ಲಿ ಜನರೇಟರ್ ಸಾಮಾನ್ಯವಾಗಿ ಕುಡಿಯುವುದು ಗಾಡಿಯ ಟ್ಯಾಂಕಿನಿಂದಲೇ. ಬೂನ್‌ಡಾಕಿಂಗ್ ಅಂತ ಕರೆಂಟ್ ಇಲ್ಲದ ಕಡೆ ಹತ್ತು ದಿನ ನಿಂತು, ದಿನಾ ಮೂರು ಗಂಟೆ ಜನರೇಟರ್ ಹಾಕಿದಿರಿ ಅನ್ನಿ. ಗಂಟೆಗೆ ಅರ್ಧ ಗ್ಯಾಲನ್ ಅಂದರೂ 15 ಗ್ಯಾಲನ್ ಹೋಯಿತು, ಗಾಡಿ ಒಂದು ಇಂಚೂ ಕದಲಿಲ್ಲ. ಆಮೇಲೆ ಬಂಕಿಗೆ ಹೋಗಿ ತುಂಬಿಸಿ ಭಾಗಿಸಿದರೆ ಮೈಲೇಜ್ ನೋಡಿ ಎದೆ ಧಸಕ್ ಅನ್ನುತ್ತದೆ, ಎಂಜಿನ್ ಕೆಟ್ಟಿದೆಯೇನೋ ಅಂತ ಮೆಕ್ಯಾನಿಕ್ ಹತ್ತಿರ ಓಡುತ್ತೀರಿ. ಜನರೇಟರ್ ಮೇಲೆ ಗಂಟೆ ತೋರಿಸುವ ಚಿಕ್ಕ ಮೀಟರ್ ಇರುತ್ತದೆ. ಜಾಗಕ್ಕೆ ಹೋದಾಗ ಒಮ್ಮೆ, ಬಿಡುವಾಗ ಒಮ್ಮೆ ಅದನ್ನು ಬರೆದುಕೊಳ್ಳಿ. ಆ ಗ್ಯಾಸ್ ಅಲ್ಲಿ ತಂಗಿದ ರಾತ್ರಿಗಳ ಸಾಲಿಗೆ ಹೋಗಬೇಕು, ಓಡಿದ ಮೈಲಿಗಲ್ಲ.

ಈ ಲೆಕ್ಕ ಹಿಡಿದರೆ ಅಗ್ಗದ ಜಾಗದ ನಿಜವಾದ ಬೆಲೆಯೂ ಗೊತ್ತಾಗುತ್ತದೆ. ಅರಿಜೋನಾದ ಕ್ವಾರ್ಟ್ಸೈಟ್ ಹತ್ತಿರ ಲಾ ಪೋಸಾದಲ್ಲಿ ಬಿಎಲ್‌ಎಂ (ಸರ್ಕಾರಿ ಭೂಮಿ ನೋಡಿಕೊಳ್ಳುವ ಕೇಂದ್ರ ಇಲಾಖೆ) ಅವರ ದೊಡ್ಡ ಬಯಲಿದೆ. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಇರುವುದಕ್ಕೆ ಬಹಳ ವರ್ಷಗಳಿಂದ 180 ಡಾಲರ್ ಪರ್ಮಿಟ್ ನಡೆದುಕೊಂಡು ಬಂದಿದೆ, ಹದಿನಾಲ್ಕು ದಿನಕ್ಕಾದರೆ 40. ಹೋಗುವ ಮೊದಲು ಈಗಿನ ದರ ನೋಡಿಕೊಳ್ಳಿ. ನೀರು, ಡಂಪ್ ಸ್ಟೇಷನ್ (ಗಾಡಿಯ ಕೊಳೆನೀರು ಖಾಲಿ ಮಾಡುವ ಜಾಗ), ಕಸ ಹಾಕುವುದು ಎಲ್ಲ ಅದರಲ್ಲೇ ಸೇರಿದೆ, ಕರೆಂಟ್ ಇಲ್ಲ. 45 ರಾತ್ರಿ ಇದ್ದರೆ ರಾತ್ರಿಗೆ 4 ಡಾಲರ್. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ! ಅದಕ್ಕೆ ದಿನಕ್ಕೆ ಮೂರು ಗಂಟೆ ಜನರೇಟರ್ ಗ್ಯಾಸ್ ಸೇರಿಸಿ, ಇನ್ನು ಐದು ಡಾಲರ್ ಚಿಲ್ಲರೆ. ಜನವರಿಯ ರಾತ್ರಿ ಹೀಟರ್‌ಗೆ ಪ್ರೊಪೇನ್. ಆದರೂ ಹತ್ತು ಹನ್ನೆರಡು ಡಾಲರ್ ಆಸುಪಾಸು ನಿಲ್ಲುತ್ತದೆ, ಒಳ್ಳೆಯದೇ. ನಾನು ಹೇಳುವುದು ಇಷ್ಟೇ, ನಾಲ್ಕು ಅಂತ ಬರೆದುಕೊಂಡು ಮಿಕ್ಕದ್ದನ್ನು ಬೇರೆ ಡಬ್ಬಕ್ಕೆ ಹಾಕಬೇಡಿ. ಸೋಲಾರ್ ಪ್ಯಾನೆಲ್, ಲಿಥಿಯಂ ಬ್ಯಾಟರಿ ಹಾಕಿಸಬೇಕೋ ಬೇಡವೋ ಅನ್ನುವ ಪ್ರಶ್ನೆಗೂ ಉತ್ತರ ಸಿಗುವುದು ಇಲ್ಲೇ. ಕರೆಂಟ್ ಇಲ್ಲದ ರಾತ್ರಿ ವರ್ಷಕ್ಕೆ ಎಷ್ಟಿತ್ತು ಅಂತ ಎಣಿಸಿ ನೋಡಿ. ಇಪ್ಪತ್ತು ಇದ್ದರೆ ದುಡ್ಡಿನ ಲೆಕ್ಕದಲ್ಲಿ ಅದು ಗಿಟ್ಟುವುದಿಲ್ಲ. ನೂರೈವತ್ತು ಇದ್ದರೆ ಯೋಚನೆ ಮಾಡಿ.

ಬೇರೆ ಬಿಎಲ್‌ಎಂ ಜಾಗಗಳಲ್ಲಿ ಸಾಮಾನ್ಯವಾಗಿ 28 ದಿನದಲ್ಲಿ 14 ದಿನಕ್ಕಿಂತ ಜಾಸ್ತಿ ಒಂದೇ ಕಡೆ ಇರುವ ಹಾಗಿಲ್ಲ. ಎದ್ದು ಬೇರೆ ಕಡೆ ಹೋಗಲೇಬೇಕು, ಆ ಹೋಗುವ ಮೈಲಿಯೂ ಪುಕ್ಕಟೆ ಜಾಗದ ಖರ್ಚೇ. ಡಂಪ್ ಮಾಡಲು ಟ್ರಕ್ ಸ್ಟಾಪ್‌ನಲ್ಲಿ ದುಡ್ಡು ಕೊಟ್ಟರೆ, ಹಿಂದಿನ ಪುಕ್ಕಟೆ ರಾತ್ರಿಯ ಸಾಲಿನಲ್ಲಿ ಬರೆಯಿರಿ.

ಎಳೆದುಕೊಂಡು ಹೋಗುವ ಕಾರಿಗೆ ಬೇರೆ ಪುಸ್ತಕ. ಕೆಲವು ಕಾರುಗಳಲ್ಲಿ ಎಳೆಯುವಾಗಲೂ ಓಡೋಮೀಟರ್ ಓಡುತ್ತದೆ, ಕೆಲವದರಲ್ಲಿ ಇಲ್ಲ. ನಿಮ್ಮದು ಯಾವುದು ಅಂತ ನೋಡಿಕೊಳ್ಳಿ. ಕ್ಯಾಂಪ್‌ಗ್ರೌಂಡ್‌ನಿಂದ 60 ಮೈಲಿ ದೂರದ ಇಂಡಿಯನ್ ಅಂಗಡಿಗೆ ಹೋಗಿ ಸೋನಾ ಮಸೂರಿ ಮೂಟೆ, ತೊಗರಿಬೇಳೆ, ಕರಿಬೇವು ತರುತ್ತೀರಲ್ಲ, ಆ ಗ್ಯಾಸ್ ತಿರುಗಾಟದ ಖರ್ಚು. ಅಕ್ಕಿ ಬೇಳೆ ಅಲ್ಲ. ಮನೆಯಲ್ಲಿದ್ದರೂ ಅನ್ನ ಸಾರು ಉಣ್ಣುತ್ತಿದ್ದಿರಿ. ದಿನಸಿ, ಫೋನು, ಮಾತ್ರೆ, ಹೆಲ್ತ್ ಇನ್ಶೂರೆನ್ಸ್ ಇವನ್ನೆಲ್ಲ ಸಂಸಾರದ ಹಾಳೆಯಲ್ಲೇ ಇಡಿ, ಇಲ್ಲಿಗೆ ತರಬೇಡಿ.

ಕ್ಯಾಲೆಂಡರ್ ಖರ್ಚು ಬರೆಯುವುದು ಸುಲಭ: ಇನ್ಶೂರೆನ್ಸ್, ರಿಜಿಸ್ಟ್ರೇಷನ್, ಅಂಚೆ ತಲುಪಿಸುವ ಸೇವೆಯ ಶುಲ್ಕ, ರೋಡ್‌ಸೈಡ್ ಸಹಾಯದ ಚಂದಾ. ಇನ್ಶೂರೆನ್ಸ್ ಬಗ್ಗೆ ಮಾತ್ರ ಒಂದು ಮಾತು. ಗಾಡಿಯಲ್ಲೇ ವಾಸ ಮಾಡುವವರಿಗೆ ಫುಲ್‌ಟೈಮರ್ ಪಾಲಿಸಿ ಅಂತಲೇ ಬೇರೆ ಇದೆ. ರಜೆಗೆ ಓಡಿಸುವವರ ಪಾಲಿಸಿ ಅಗ್ಗ ಅಂತ ಅದನ್ನೇ ಇಟ್ಟುಕೊಂಡಿದ್ದರೆ ಇವತ್ತೇ ಬದಲಾಯಿಸಿ, ಕ್ಲೈಮ್ ಬಂದಾಗ ಕೈ ಕೊಡುತ್ತದೆ.

ಟೈರ್ ಎಲ್ಲಿಗೆ ಸೇರಬೇಕು? ಎಲ್ಲರೂ ಚಕ್ರದ ಖರ್ಚು ಅನ್ನುತ್ತಾರೆ. ಆರ್‌ವಿಯಲ್ಲಿ ಅದು ಬಹುಪಾಲು ಕ್ಯಾಲೆಂಡರ್ ಖರ್ಚು. ಗಾಡಿಯ ಟೈರು ಸವೆದು ಹಾಳಾಗುವುದಕ್ಕಿಂತ ವಯಸ್ಸಾಗಿ ಹಾಳಾಗುವುದೇ ಜಾಸ್ತಿ, ಬಿಸಿಲಿಗೆ ಪಕ್ಕದಲ್ಲಿ ಬಿರುಕು ಬಿಡುತ್ತದೆ. ಟೈರಿನ ಪಕ್ಕದಲ್ಲಿ ಡಾಟ್ (DOT) ನಂಬರ್ ಅಂತ ಇರುತ್ತದೆ, ಅದರ ಕೊನೆಯ ನಾಲ್ಕು ಅಂಕಿ ನೋಡಿ. 2322 ಅಂತ ಇದ್ದರೆ 2022ರ 23ನೇ ವಾರದಲ್ಲಿ ತಯಾರಾದದ್ದು. ಗೀರುಗಳು ಎಷ್ಟೇ ಆಳವಾಗಿ ಕಂಡರೂ ಐದರಿಂದ ಏಳು ವರ್ಷಕ್ಕೆ ಬದಲಾಯಿಸಿಬಿಡುವುದು ಒಳ್ಳೆಯದು. ನಿಮ್ಮ ಗಾಡಿಗೆ ಹಿಂದೆ ಜೋಡಿ ಚಕ್ರ, ಒಟ್ಟು ಆರು. ಒಂದಕ್ಕೆ 250 ಡಾಲರ್ ಅಂದರೆ 1,500. ಆರು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 250. ಪ್ರತಿ ವರ್ಷ ಆ 250 ಅನ್ನು ಖರ್ಚು ಅಂತಲೇ ಬರೆದು ಎತ್ತಿಡಿ. ಇಲ್ಲದಿದ್ದರೆ ಐದು ವರ್ಷ ಖರ್ಚು ಕಡಿಮೆ ಕಂಡು, ಆರನೇ ವರ್ಷ ಒಂದೇ ಸಲಕ್ಕೆ ಬಂದು ಬೀಳುತ್ತದೆ. ಚಾವಣಿಯ ಸೀಲೆಂಟ್, ಒಳಗಿನ ಬ್ಯಾಟರಿ, ಎಲ್ಲಕ್ಕೂ ಇದೇ ದಾರಿ. ಎಂಜಿನ್ ಆಯಿಲ್, ಬ್ರೇಕ್ ಮಾತ್ರ ಮೈಲಿಗೆ ಹಾಕಿ.

ಇನ್ನು ಮೆಂಬರ್‌ಶಿಪ್. ಯಾವುದು ತೆಗೆದುಕೊಂಡಿದ್ದೀರಿ ಅಂತ ನೀವು ಬರೆದಿಲ್ಲ, ಆದರೆ ಪರೀಕ್ಷೆ ಎಲ್ಲಕ್ಕೂ ಒಂದೇ. ವರ್ಷದ ಚಂದಾ ಎಷ್ಟೋ ಅದನ್ನು ಆ ಮೆಂಬರ್‌ಶಿಪ್ ಬಳಸಿ ತಂಗಿದ ರಾತ್ರಿಗಳಿಂದ ಭಾಗಿಸಿ, ಆ ರಾತ್ರಿಗಳ ಸಾಲಿಗೆ ಹಂಚಿ. ಥೌಸಂಡ್ ಟ್ರೇಲ್ಸ್‌ನಂಥ ಕ್ಯಾಂಪ್‌ಗ್ರೌಂಡ್ ಬಳಗದಲ್ಲಿ ರಾತ್ರಿಗೆ ದುಡ್ಡೇ ಇಲ್ಲ ಅಂತ ಜನ ಸೊನ್ನೆ ಬರೆಯುತ್ತಾರೆ, ಅದು ಸೊನ್ನೆ ಅಲ್ಲ. ಪಾಸ್‌ಪೋರ್ಟ್ ಅಮೆರಿಕ ಅನ್ನುವ ಮೆಂಬರ್‌ಶಿಪ್‌ನಲ್ಲಿ ಅರ್ಧ ದರ, ಆದರೆ ಎಷ್ಟೋ ಪಾರ್ಕ್‌ಗಳಲ್ಲಿ ಅದು ವಾರದ ನಡುವೆ ಮಾತ್ರ, ಇಲ್ಲವೇ ಸೀಸನ್ ಇಲ್ಲದಾಗ ಮಾತ್ರ. ಹಾರ್ವೆಸ್ಟ್ ಹೋಸ್ಟ್ಸ್‌ನಲ್ಲಿ ತೋಟದಲ್ಲೋ ವೈನರಿಯಲ್ಲೋ ಒಂದು ರಾತ್ರಿ ಸುಮ್ನೆ ಬಿಡುತ್ತಾರೆ, ಆದರೆ ಅಲ್ಲಿ ಏನಾದರೂ ಕೊಳ್ಳುವುದು ಮರ್ಯಾದೆ. ಕೊಂಡದ್ದು ನೀವು ಹೇಗೂ ಕೊಳ್ಳುವ ಜೇನುತುಪ್ಪ, ತರಕಾರಿ ಆದರೆ ಅದು ದಿನಸಿ. ಬರೀ ಸಂಕೋಚಕ್ಕೆ ಕೊಂಡ ಮೂವತ್ತು ಡಾಲರ್ ಬಾಟಲಿ ಆದರೆ ಅದು ಆ ರಾತ್ರಿಯ ಬಾಡಿಗೆ.

ಉಳಿತಾಯ ಎಣಿಸುವಾಗ ಪಾರ್ಕಿನವರು ಬೋರ್ಡಿನಲ್ಲಿ ಹಾಕಿದ ದರಕ್ಕೆ ಹೋಲಿಸಬೇಡಿ. 70 ಡಾಲರ್ ಜಾಗ 35ಕ್ಕೆ ಸಿಕ್ಕಿತು, 35 ಉಳಿಯಿತು ಅಂತ ಕಂಪನಿ ಹೇಳುತ್ತದೆ. ನಿಮ್ಮನ್ನು ನೀವು ಕೇಳಿಕೊಳ್ಳಿ, ಈ ಕಾರ್ಡ್ ಇಲ್ಲದಿದ್ದರೆ ಆ ರಾತ್ರಿ 70 ಕೊಡುತ್ತಿದ್ದಿರಾ? ಪಕ್ಕದ ಕೋರ್ ಕ್ಯಾಂಪ್‌ಗ್ರೌಂಡ್‌ಗೆ 15ಕ್ಕೆ ಹೋಗುತ್ತಿದ್ದಿರಿ ಅಂದರೆ ಉಳಿದದ್ದು ಏನೂ ಇಲ್ಲ, 20 ಹೆಚ್ಚಿಗೆ ಹೋಯಿತು. ಸಾಲಿನ ಕೊನೆಯಲ್ಲಿ "ಇಲ್ಲದಿದ್ದರೆ ಎಲ್ಲಿ" ಅಂತ ಒಂದು ಕಾಲಂ ಇಟ್ಟುಕೊಂಡು ಆವತ್ತೇ ಪ್ರಾಮಾಣಿಕವಾಗಿ ತುಂಬಿಸಿ. ವರ್ಷದ ಕೊನೆಯಲ್ಲಿ ಕೂತು ನೆನಪಿಸಿಕೊಂಡರೆ ಮನಸ್ಸು ಆಗಲೇ ಕಟ್ಟಿದ ಚಂದಾದ ಪರವಾಗಿಯೇ ವಾದ ಮಾಡುತ್ತದೆ. ನನ್ನ ಅನುಭವದಲ್ಲಿ ಎರಡಕ್ಕಿಂತ ಹೆಚ್ಚು ಮೆಂಬರ್‌ಶಿಪ್ ಇರುವ ಮನೆಯಲ್ಲಿ ಒಂದಾದರೂ ದಂಡ.

ತಿಂಗಳ ದರಕ್ಕೆ ಜಾಗ ತೆಗೆದುಕೊಂಡರೆ ಒಂದು ಪ್ರಶ್ನೆ ಮೊದಲೇ ಕೇಳಿ: ಕರೆಂಟ್ ಒಳಗೊಂಡಿದೆಯಾ, ಮೀಟರ್ ಬೇರೆಯಾ? ದಿನದ ದರದಲ್ಲಿ ಸಾಮಾನ್ಯವಾಗಿ ಸೇರಿರುತ್ತದೆ, ತಿಂಗಳ ದರದಲ್ಲಿ ಬಹಳ ಕಡೆ ಬೇರೆ. 600 ಡಾಲರ್ ಅಂತ ಹೇಳಿದ ಜಾಗದಲ್ಲಿ ಎರಡು ಎಸಿ ಓಡಿಸಿ 700 ಯೂನಿಟ್ ಬಂದು, ಯೂನಿಟ್‌ಗೆ 15 ಸೆಂಟ್ ಅಂದರೆ 105 ಸೇರುತ್ತದೆ. ರಾತ್ರಿಗೆ 20 ಅಲ್ಲ, 23.50. ಹೋದ ದಿನ ಮೀಟರ್‌ನ ಫೋಟೊ ತೆಗೆದುಕೊಳ್ಳಿ.

ವರ್ಷ ಮುಗಿದಾಗ ನಿಮ್ಮ ಕೈಯಲ್ಲಿ ಮೂರು ಸಂಖ್ಯೆ ಇರುತ್ತವೆ. ಗಾಡಿಯಲ್ಲಿ ತಂಗಿದ ರಾತ್ರಿಯ ಸರಾಸರಿ, ಮೈಲಿಯ ಖರ್ಚು, ನಿಂತಿದ್ದರೂ ದಿನಕ್ಕೆ ಆಗುವ ಖರ್ಚು. ಮುಂದಿನ ವರ್ಷದ ಯೋಜನೆಯನ್ನು ಇವುಗಳಿಗೆ ಗುಣಿಸಿ ನೋಡಿ. 9,000 ಮೈಲಿ ಬದಲು 6,000 ಹೋದರೆ ಗ್ಯಾಸ್ ಎಷ್ಟು ಇಳಿಯುತ್ತದೆ ಅಂತ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ: 3,500 ಇದ್ದದ್ದು 2,300ರ ಹತ್ತಿರ ಬರುತ್ತದೆ. ತಿಂಗಳಿಂದ ತಿಂಗಳಿಗೆ ಹೋಲಿಸಬೇಡಿ. ಫೆಬ್ರವರಿಯ ಫ್ಲೋರಿಡಾಕ್ಕೂ ಅಕ್ಟೋಬರ್‌ನ ಅರ್ಕನ್ಸಾಗೂ ಹೋಲಿಕೆಯೇ ಇಲ್ಲ. ಈ ಫೆಬ್ರವರಿಯನ್ನು ಮುಂದಿನ ಫೆಬ್ರವರಿಗೆ ಹೋಲಿಸಿ.

ಹೋದ ವರ್ಷದ್ದನ್ನೂ ಬಿಡಬೇಡಿ. ಬುಕ್ಕಿಂಗ್ ಇಮೇಲ್, ಕಾರ್ಡ್ ಸ್ಟೇಟ್‌ಮೆಂಟ್, ಫೋನಿನ ಫೋಟೊಗಳ ತಾರೀಖು ಮತ್ತು ಜಾಗ ಇವಿಷ್ಟು ಇಟ್ಟುಕೊಂಡು ಇಬ್ಬರೂ ಎರಡು ಸಂಜೆ ಕೂತರೆ ಬಹುಪಾಲು ಸಾಲು ತುಂಬುತ್ತದೆ. ಯಜಮಾನರು ಗಾಡಿ ಲೆವೆಲ್ ಮಾಡುವಾಗ ನೀವು ಓಡೋಮೀಟರ್ ಬರೆದುಕೊಂಡುಬಿಡಿ, ಕಾಫಿ ಆಮೇಲೆ. ನಾಳೆ ಬರೆಯೋಣ ಅಂದದ್ದು ಹಾಗೇ ಉಳಿದುಬಿಡುತ್ತದೆ.

ಬೆಂಗಳೂರಿನ ಎರಡು ತಿಂಗಳ ಮಾತು. ಆ ಅರವತ್ತು ರಾತ್ರಿಗೂ ಸಾಲು ಇರಲಿ, "ಊರು" ಅಂತ ಬರೆಯಿರಿ. ಆದರೆ ರಾತ್ರಿಯ ಸರಾಸರಿ ತೆಗೆಯುವಾಗ ಅವನ್ನು ಎಣಿಸಬೇಡಿ. ಎಣಿಸಿದರೆ ಸುಮಾರು 305 ರಾತ್ರಿಯ ಖರ್ಚನ್ನು 365ರಿಂದ ಭಾಗಿಸಿದ ಹಾಗಾಗಿ ಗಾಡಿ ಬದುಕು ಇರುವುದಕ್ಕಿಂತ ಅಗ್ಗ ಅಂತ ಕಾಣುತ್ತದೆ. ಗಾಡಿ ನಿಲ್ಲಿಸಿದ ಸ್ಟೋರೇಜ್ ಬಾಡಿಗೆ ಕ್ಯಾಲೆಂಡರ್ ಖರ್ಚಿಗೆ ಹೋಗಲಿ. ವಿಮಾನದ ಟಿಕೆಟ್ ಸಂಸಾರದ ಹಾಳೆಗೆ, ಮನೆ ಇದ್ದಾಗಲೂ ಊರಿಗೆ ಹೋಗುತ್ತಿದ್ದಿರಲ್ಲ. ಹೊರಡುವ ಮೊದಲು ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡಿ, ಗಾಡಿ ರಸ್ತೆಗೆ ಇಳಿಯದ ಆ ಎರಡು ತಿಂಗಳಿಗೆ ಪ್ರೀಮಿಯಂ ಇಳಿಸಲು ಆಗುತ್ತದಾ ಅಂತ ಕೇಳಿ. ಗಾಡಿ ಮೇಲೆ ಸಾಲ ಇದ್ದರೆ ಬ್ಯಾಂಕಿನವರನ್ನೂ ಕೇಳಬೇಕು, ಅವರು ಒಪ್ಪದೆ ಇರಬಹುದು. ಸ್ಟೋರೇಜ್ ಜಾಗ ಮಕ್ಕಳಿರುವ ಊರಿನಲ್ಲೇ ನೋಡಿ. ವಿಮಾನ ನಿಲ್ದಾಣಕ್ಕೆ ಅವರೇ ಬಿಡುತ್ತಾರೆ, ನಡುವೆ ಒಮ್ಮೆ ಹೋಗಿ ಚಾವಣಿ ಸೋರುತ್ತಿದೆಯಾ ಅಂತಲೂ ನೋಡಿ ಬರುತ್ತಾರೆ.